ಹೋಮ್‌ಸ್ಟೆಡ್ ರಸ್ತೆಯ ಸರ್ಕಾರಿ ಹೈಸ್ಕೂಲು

ಸಿಲಿಕಾನ್ ವ್ಯಾಲಿ ಎಂಬ ಹೆಸರು ಹುಟ್ಟುವ ಮೊದಲು ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಕಣಿವೆ ಹಣ್ಣಿನ ತೋಟಗಳ ಸೀಮೆಯಾಗಿತ್ತು. ಏಪ್ರಿಕಾಟ್, ಚೆರ್ರಿ, ಒಣಗಿಸಿ ಮಾರುವ ಪ್ಲಮ್ ಅಲ್ಲಿನ ಬೆಳೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಆ ಮರಗಳು ಒಂದೊಂದಾಗಿ ಉರುಳಿದವು. 1955ರಲ್ಲಿ ಕ್ಯುಪರ್ಟಿನೊ ಅಧಿಕೃತವಾಗಿ ಪಟ್ಟಣವಾಯಿತು. ಮರುವರ್ಷ ಲಾಕ್‌ಹೀಡ್ ಕಂಪನಿಯ ಕ್ಷಿಪಣಿ ವಿಭಾಗ ಪಕ್ಕದ ಸನಿವೇಲ್‌ಗೆ ಬಂತು. ಹಿಂದೆಯೇ ಎಂಜಿನಿಯರುಗಳು, ತಂತ್ರಜ್ಞರು, ಅವರ ಸಂಸಾರಗಳು ಬಂದವು. ತೋಟ ಇದ್ದಲ್ಲಿ ಸಾಲುಮನೆಗಳು ಎದ್ದವು.

ಆ ಮನೆಗಳ ಮಕ್ಕಳಿಗೆ ಶಾಲೆ ಬೇಕಿತ್ತು. ಫ್ರೀಮಾಂಟ್ ಯೂನಿಯನ್ ಎಂಬ ಹೈಸ್ಕೂಲು ಜಿಲ್ಲಾಡಳಿತ 1923ರಲ್ಲಿ ಒಂದು ಶಾಲೆಯನ್ನು ಶುರುಮಾಡಿ, ಮುಂದೆ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಅದೊಂದರಲ್ಲೇ ನಡೆಸಿಕೊಂಡು ಬಂದಿತ್ತು. ಆಮೇಲೆ 1956ರಿಂದ 1969ರ ಒಳಗೆ ಇನ್ನೂ ಐದು ಹೈಸ್ಕೂಲುಗಳನ್ನು ತೆರೆಯಬೇಕಾಯಿತು. ಅವುಗಳಲ್ಲೊಂದು 1962ರಲ್ಲಿ ಕ್ಯುಪರ್ಟಿನೊದಲ್ಲಿ ಬಾಗಿಲು ತೆರೆದ ಹೋಮ್‌ಸ್ಟೆಡ್. ಒಂಬತ್ತರಿಂದ ಹನ್ನೆರಡನೇ ತರಗತಿವರೆಗಿನ ನಾಲ್ಕು ವರ್ಷಗಳ ಓದು. ಶುಲ್ಕವಿಲ್ಲ, ಪ್ರವೇಶ ಪರೀಕ್ಷೆಯಿಲ್ಲ. ಜಿಲ್ಲಾಡಳಿತ ಗುರುತಿಸಿದ ಗಡಿಯೊಳಗೆ ಮನೆಯಿದ್ದರೆ ಸೀಟು ಸಿಕ್ಕಿತು.

ಹೋಮ್‌ಸ್ಟೆಡ್ ಲೋಕಪ್ರಸಿದ್ಧವಾದದ್ದು ಇಬ್ಬರು ಸ್ಟೀವ್‌ಗಳಿಂದ. ಸ್ಟೀವ್ ವೋಜ್ನಿಯಾಕ್ ಇಲ್ಲಿ ಓದು ಮುಗಿಸಿದ್ದು 1968ರಲ್ಲಿ, ಸ್ಟೀವ್ ಜಾಬ್ಸ್ 1972ರಲ್ಲಿ. 1976ರ ಏಪ್ರಿಲ್ 1ರಂದು ಇವರು ಆ್ಯಪಲ್ ಕಂಪನಿ ಶುರುಮಾಡಿದರು. ಜಾಬ್ಸ್ ಮನೆಯ ಗ್ಯಾರೇಜಿನ ಕಥೆ ಗೊತ್ತಿಲ್ಲದವರು ಕಡಿಮೆ. ಆದರೆ ಆ ಗ್ಯಾರೇಜಿಗೆ ಬೇಕಾದ ವಿದ್ಯೆಯ ಒಂದು ಪಾಲು ಈ ಸರ್ಕಾರಿ ಶಾಲೆಯ ಅಂಚಿನಲ್ಲಿದ್ದ ಶೆಡ್ಡಿನಂಥ ಕೋಣೆಯಲ್ಲಿ ಸಿಕ್ಕಿತ್ತು ಎಂಬುದನ್ನು ಹೇಳುವವರೂ ಕಡಿಮೆಯೇ.

ಅದು ಜಾನ್ ಮೆಕಾಲಮ್ ಮೇಷ್ಟ್ರ ಎಲೆಕ್ಟ್ರಾನಿಕ್ಸ್ ತರಗತಿ. ಅಮೆರಿಕದ ನೌಕಾಪಡೆಯಲ್ಲಿ ವಿಮಾನ ಹಾರಿಸಿ ಬಂದವರು ಅವರು, ಸೇನೆಯ ಶಿಸ್ತು ಬಿಟ್ಟಿರಲಿಲ್ಲ. ಟ್ರಾನ್ಸಿಸ್ಟರು, ತಂತಿ, ರೆಸಿಸ್ಟರುಗಳನ್ನು ಗುಡ್ಡೆಹಾಕಿದ ಉಗ್ರಾಣವೊಂದು ಅವರ ವಶದಲ್ಲಿತ್ತು. ವೋಜ್ನಿಯಾಕ್ ಕಲಿಯಬೇಕಾದದ್ದು ತಮ್ಮ ತರಗತಿಯಲ್ಲಿ ಇನ್ನು ಉಳಿದಿಲ್ಲ ಎಂದು ಅವರಿಗೆ ಬೇಗ ಮನವರಿಕೆಯಾಯಿತು. ಶಾಲೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಹುಡುಗ ವಾರಕ್ಕೊಮ್ಮೆ ಸನಿವೇಲ್‌ನ ಸಿಲ್ವೇನಿಯಾ ಕಂಪನಿಗೆ ಹೋಗಿ ಅಲ್ಲಿನ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಬರೆಯುವಂತೆ ಅವರೇ ಏರ್ಪಾಡು ಮಾಡಿಕೊಟ್ಟರು. ಚದುರಂಗದ ಕುದುರೆ ಒಂದು ಮನೆಗೂ ಎರಡನೇ ಸಲ ಕಾಲಿಡದೆ 64 ಮನೆಗಳನ್ನೂ ಸುತ್ತಿಬರುವ ಸಮಸ್ಯೆಯನ್ನು ಆ ಹುಡುಗ ಕೈಗೆತ್ತಿಕೊಂಡ. ಯಂತ್ರ ಎಷ್ಟು ಹೊತ್ತು ಓಡಿದರೂ ಉತ್ತರ ಬರಲಿಲ್ಲ. ಲೆಕ್ಕ ಹಾಕಿ ನೋಡಿದರೆ, ತಾನು ಬರೆದ ರೀತಿಯಲ್ಲಿ ಅದು ಮುಗಿಯಲು ವಿಶ್ವದ ವಯಸ್ಸಿಗಿಂತ ಹೆಚ್ಚು ಕಾಲ ಬೇಕಿತ್ತು! ಯಂತ್ರದ ವೇಗವೊಂದನ್ನೇ ನೆಚ್ಚಿಕೊಂಡರೆ ಸಾಲದು, ದಾರಿಯನ್ನು ಜಾಣತನದಿಂದ ಆರಿಸಬೇಕೆಂಬ ಪಾಠ ಹೈಸ್ಕೂಲು ಹುಡುಗನಿಗೆ ಹೀಗೆ ಸಿಕ್ಕಿತು.

ಕೆಲವು ವರ್ಷಗಳ ನಂತರ ಅದೇ ತರಗತಿಗೆ ಬಂದ ಜಾಬ್ಸ್‌ಗೂ ಮೇಷ್ಟ್ರಿಗೂ ಹೊಂದಿಕೆಯಾಗಲಿಲ್ಲ. ತನಗೆ ಬೇಕಾದ ಬಿಡಿಭಾಗ ಸಿಗದಿದ್ದಾಗ ಅವನು ಡೆಟ್ರಾಯಿಟ್‌ನ ಬರೋಸ್ ಕಂಪನಿಗೆ ಫೋನ್ ಮಾಡಿದ, ಕರೆಯ ಖರ್ಚು ಅವರ ತಲೆಗೇ ಬೀಳುವಂತೆ. ಹೊಸ ಉತ್ಪನ್ನವೊಂದನ್ನು ವಿನ್ಯಾಸ ಮಾಡುತ್ತಿದ್ದೇನೆ, ನಿಮ್ಮ ಭಾಗವನ್ನು ಪರೀಕ್ಷಿಸಿ ನೋಡಬೇಕು ಎಂದ. ಕೆಲವೇ ದಿನಗಳಲ್ಲಿ ಅದು ವಿಮಾನದಲ್ಲಿ ಬಂದಿಳಿಯಿತು. ಮೆಕಾಲಮ್ ಕೆಂಡವಾದರು. ಮೂರು ವರ್ಷಗಳ ಆ ಕೋರ್ಸಿನಲ್ಲಿ ಜಾಬ್ಸ್ ಉಳಿದದ್ದು ಒಂದೇ ವರ್ಷ. ಇಬ್ಬರು ಸ್ಟೀವ್‌ಗಳನ್ನು ಪರಸ್ಪರ ಪರಿಚಯಿಸಿದ ಬಿಲ್ ಫರ್ನಾಂಡಿಸ್ ಕೂಡ ಇದೇ ಶಾಲೆಯವರು. ಮುಂದೆ ಆ್ಯಪಲ್‌ನ ಮೊದಮೊದಲ ಉದ್ಯೋಗಿಗಳಲ್ಲಿ ಒಬ್ಬರಾದರು.

ಇವರ ಪ್ರತಿಭೆಯನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೂ ಆ ಪ್ರತಿಭೆ ಕೈಯಾಡಿಸಲು ಒಂದು ಉಗ್ರಾಣ, ಸಂಬಳ ಪಡೆಯುವ ಒಬ್ಬ ಮೇಷ್ಟ್ರು, ಬಾಗಿಲು ತೆರೆಯುವ ಒಂದು ಕಾರ್ಖಾನೆ ಬೇಕಾಯಿತು. ಶಾಲೆಯ ಮಟ್ಟಿಗೆ ಆ ಖರ್ಚನ್ನು ಹೊತ್ತದ್ದು ಜನರ ತೆರಿಗೆ. ಜಾಬ್ಸ್ ತಂದೆ ಪಾಲ್ ಕಾಲೇಜು ಮೆಟ್ಟಿಲು ಹತ್ತಿದವರಲ್ಲ, ಯಂತ್ರಗಳ ಕೆಲಸಗಾರ. ಮಗನಿಗೆ ಒಳ್ಳೆಯ ಶಾಲೆ ಸಿಗಲೆಂದು ಇದ್ದಬದ್ದ ಹಣ ಕೂಡಿಸಿ ಮೌಂಟನ್ ವ್ಯೂನಿಂದ ಲಾಸ್ ಆಲ್ಟೋಸ್‌ಗೆ ಮನೆ ಬದಲಾಯಿಸಿದರು. ಆಗ ಅದು ಕೈಗೆಟಕುವ ಮಾತಾಗಿತ್ತು.

ಇವತ್ತು ಅಂಥ ಕುಟುಂಬಕ್ಕೆ ಅದು ಕನಸೇ ಸರಿ. ಶಾಲೆಯ ಹಣದ ಮೂಲವನ್ನು ನೋಡಿದರೆ ಇದು ತಿಳಿಯುತ್ತದೆ. ಅಮೆರಿಕದಲ್ಲಿ ಶಾಲೆಗಳ ಖರ್ಚಿನ ದೊಡ್ಡ ಪಾಲು ಬಹಳ ಕಾಲ ಊರಿನ ಆಸ್ತಿ ತೆರಿಗೆಯಿಂದ ಬರುತ್ತಿತ್ತು. ಸಿರಿವಂತ ಊರಿಗೆ ಸಿರಿವಂತ ಶಾಲೆ, ಬಡ ಊರಿಗೆ ಬಡ ಶಾಲೆ. ಇದು ಅನ್ಯಾಯವೆಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1971ರಲ್ಲಿ ಸೆರಾನೊ ಮೊಕದ್ದಮೆಯಲ್ಲಿ ಹೇಳಿತು. 1978ರಲ್ಲಿ ಮತದಾರರು 13ನೇ ಪ್ರಸ್ತಾವವನ್ನು ಗೆಲ್ಲಿಸಿ ಆಸ್ತಿ ತೆರಿಗೆಯನ್ನು ಮೌಲ್ಯದ ಶೇ 1ಕ್ಕೆ ಕಟ್ಟಿಹಾಕಿದರು. ಒಡೆತನ ಬದಲಾಗದ ಹೊರತು ಆ ಮೌಲ್ಯವನ್ನು ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರಿಸುವಂತಿಲ್ಲ. ರಾಜ್ಯದ ಶಾಲೆಗಳು ಬಡವಾದವು. ಆದರೆ ಆಸ್ತಿಯ ಬೆಲೆ ಮುಗಿಲು ಮುಟ್ಟಿದ ಕಡೆ, ರಾಜ್ಯ ನಿಗದಿಮಾಡಿದ ಮೊತ್ತಕ್ಕಿಂತ ಸ್ಥಳೀಯ ತೆರಿಗೆಯೇ ಹೆಚ್ಚು ಹುಟ್ಟುತ್ತದೆ, ಆ ಹೆಚ್ಚುವರಿ ಅಲ್ಲೇ ಉಳಿಯುತ್ತದೆ. ಫ್ರೀಮಾಂಟ್ ಯೂನಿಯನ್ ಅಂಥ ಶಾಲಾ ಜಿಲ್ಲೆಗಳಲ್ಲೊಂದು. ಇದರ ಮೇಲೆ ಪ್ರತಿ ನಿವೇಶನಕ್ಕೆ ವರ್ಷಕ್ಕೆ 98 ಡಾಲರ್ ಶಾಲಾ ತೆರಿಗೆಯನ್ನೂ ಅಲ್ಲಿನ ಜನರೇ ಮತ ಹಾಕಿ ಒಪ್ಪಿಕೊಂಡಿದ್ದಾರೆ.

ಹೀಗೆ ಶುಲ್ಕವಿಲ್ಲದ ಶಾಲೆಯ ನಿಜವಾದ ಶುಲ್ಕ ಮನೆಯ ಬೆಲೆಯೊಳಗೆ ಸೇರಿಕೊಂಡಿದೆ. ಬಾಡಿಗೆ ಕರಾರು, ವಿದ್ಯುತ್ ಬಿಲ್ಲು ತೋರಿಸಿ ವಿಳಾಸ ಸಾಬೀತುಪಡಿಸಿದವರಿಗಷ್ಟೇ ಪ್ರವೇಶ. ಯಾರ ಮನೆಯ ಮಗುವಿಗೂ ಬಾಗಿಲು ತೆರೆದಿರಬೇಕಾದ ವ್ಯವಸ್ಥೆಗೆ ಇದು ದೊಡ್ಡ ಕೊರತೆ, ಸುಲಭದಲ್ಲಿ ತುಂಬುವಂಥದ್ದೂ ಅಲ್ಲ.

ಶಾಲೆಯ ಮುಖವೂ ಬದಲಾಗಿದೆ. ಜಾಬ್ಸ್ ಕಾಲದಲ್ಲಿ ಬಹುಪಾಲು ಬಿಳಿಯರ ಮಕ್ಕಳಿದ್ದರು. 1965ರ ವಲಸೆ ಕಾನೂನು, ಆಮೇಲೆ 1990ರ ಎಚ್-1ಬಿ ವೀಸಾ ಚೀನಾ, ತೈವಾನ್, ಭಾರತದ ಎಂಜಿನಿಯರುಗಳನ್ನು ಕರೆತಂದವು. ಇವತ್ತು ಕ್ಯುಪರ್ಟಿನೊ ನಿವಾಸಿಗಳಲ್ಲಿ ಹೆಚ್ಚಿನವರು ಏಷ್ಯಾ ಮೂಲದವರು. ಅವರಲ್ಲಿ ಕನ್ನಡಿಗರೂ ಇದ್ದಾರೆ. ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟ ಶುರುವಾದದ್ದು 1973ರಲ್ಲಿ, ಅಂದರೆ ಜಾಬ್ಸ್ ಹೋಮ್‌ಸ್ಟೆಡ್ ಬಿಟ್ಟ ಮರುವರ್ಷ. ಕನ್ನಡಿಗರ ಮಕ್ಕಳು ವಾರವಿಡೀ ಇಂಗ್ಲಿಷಿನಲ್ಲಿ ಓದಿ ವಾರಾಂತ್ಯದ ಕನ್ನಡ ತರಗತಿಗಳಲ್ಲಿ ಕಾಗುಣಿತ ತಿದ್ದುತ್ತಾರೆ.

ಈ ಬದಲಾವಣೆ ಸಲೀಸಾಗಿ ಆಗಲಿಲ್ಲ. ಇದೇ ಶಾಲಾ ಜಿಲ್ಲೆಯ ಮಾಂಟಾ ವಿಸ್ಟಾ ಮತ್ತು ಲಿನ್‌ಬ್ರೂಕ್ ಶಾಲೆಗಳಿಂದ ಬಿಳಿಯ ಕುಟುಂಬಗಳು ದೂರ ಸರಿಯುತ್ತಿವೆ ಎಂದು ವಾಲ್ ಸ್ಟ್ರೀಟ್ ಜರ್ನಲ್ 2005ರಲ್ಲಿ ಬರೆದಾಗ ಊರಲ್ಲೆಲ್ಲ ಚರ್ಚೆಯಾಯಿತು. ಅಂಕಗಳ ಪೈಪೋಟಿ ಅತಿಯಾಯಿತು ಎಂಬುದು ಹೋದವರ ದೂರು. ಆ ಒತ್ತಡ ನಿಜವೇ, ಮಕ್ಕಳ ನಿದ್ದೆ ಕೆಡಿಸುವಷ್ಟು ನಿಜ. ಆದರೆ ಅದನ್ನು ಒಂದು ಜನಾಂಗದ ತಲೆಗೆ ಕಟ್ಟುವುದು ತಪ್ಪು.

ಪಾಠದ ಆಚೆಗೂ ಹೋಮ್‌ಸ್ಟೆಡ್‌ಗೆ ತನ್ನದೇ ಜೀವವಿದೆ. ಕ್ರೀಡಾ ತಂಡಗಳ ಹೆಸರು ಮಸ್ಟ್ಯಾಂಗ್ಸ್, ಅಂದರೆ ಕಾಡುಕುದುರೆಗಳು. ವಿದ್ಯಾರ್ಥಿಗಳೇ ನಡೆಸುವ ಪತ್ರಿಕೆ ‘ದಿ ಎಪಿಟಾಫ್’. ಮೆರವಣಿಗೆಯ ಬ್ಯಾಂಡಿದೆ, ರೋಬೊ ಕಟ್ಟಿ ಸ್ಪರ್ಧೆಗೆ ಒಯ್ಯುವ ತಂಡವಿದೆ, ಮೆಕಾಲಮ್ ಇದ್ದಿದ್ದರೆ ಅದರ ನಡುವೆಯೇ ಇರುತ್ತಿದ್ದರೇನೋ. ಆ್ಯಪಲ್‌ನ ದುಂಡನೆಯ ಬೃಹತ್ ಕಚೇರಿ 2017ರಲ್ಲಿ ತೆರೆಯಿತು. ಅದರ ಉತ್ತರದ ಅಂಚಿನಲ್ಲಿ ಹಾದುಹೋಗುವುದು ಶಾಲೆಯ ಮುಂದಿನ ಅದೇ ಹೋಮ್‌ಸ್ಟೆಡ್ ರಸ್ತೆ.

ಈಗ ಅಲ್ಲಿ ಕಾಡುತ್ತಿರುವುದು ಮಕ್ಕಳ ಕೊರತೆ. ಮನೆಯ ಬೆಲೆಗೆ ಹೆದರಿ ಚಿಕ್ಕ ಮಕ್ಕಳಿರುವ ಸಂಸಾರಗಳು ಬರುತ್ತಿಲ್ಲ, ಬಂದವರು ನಿಲ್ಲುತ್ತಿಲ್ಲ. ಹೈಸ್ಕೂಲುಗಳಿಗೆ ಮಕ್ಕಳನ್ನು ಕಳಿಸಿಕೊಡುವ ಕ್ಯುಪರ್ಟಿನೊದ ಪ್ರಾಥಮಿಕ ಶಾಲಾ ಜಿಲ್ಲಾಡಳಿತ 2022ರಲ್ಲಿ ರೆಗ್ನಾರ್ಟ್ ಮತ್ತು ಮೇಯರ್‌ಹೋಲ್ಜ್ ಶಾಲೆಗಳನ್ನು ಮುಚ್ಚಿತು. ಕೆಳಗಿನ ತರಗತಿಗಳಲ್ಲಿ ಕಡಿಮೆಯಾದ ಮಕ್ಕಳ ಲೆಕ್ಕ ಕೆಲವೇ ವರ್ಷಗಳಲ್ಲಿ ಒಂಬತ್ತನೇ ತರಗತಿಗೆ ಬಂದು ಮುಟ್ಟುತ್ತದೆ. ಈ ಊರಿನಲ್ಲಿ ಬಡಗಿಯೂ ಬಸ್ ಚಾಲಕನೂ ಹೋಮ್‌ಸ್ಟೆಡ್‌ನ ಮೇಷ್ಟ್ರೂ ಬಾಡಿಗೆ ಕೊಟ್ಟು ಬದುಕುವಂಥ ಮನೆಗಳನ್ನು ಎಲ್ಲಿ ಕಟ್ಟಬೇಕೆಂಬ ಜಗಳ ನಗರಸಭೆಯಲ್ಲಿ ಇನ್ನೂ ನಡೆದೇ ಇದೆ.