ಎಳ್ಳಮಾವಾಸ್ಯೆಯ ಭಜ್ಜಿ

‘ಭಜ್ಜಿ’ ಎಂದೊಡನೆ ದಕ್ಷಿಣದ ಕನ್ನಡಿಗರಿಗೆ ಎಣ್ಣೆಯಲ್ಲಿ ಕರಿದ ತಿಂಡಿ ನೆನಪಾಗುವುದು. ಮುಡಬಿ, ಬಸವಕಲ್ಯಾಣ, ಹುಮನಾಬಾದಗಳ ಸೀಮೆಯಲ್ಲಾದರೋ ಅದು ಕಾಳು, ಕಾಯಿ, ಸೊಪ್ಪುಗಳನ್ನು ಒಂದೇ ಪಾತ್ರೆಯಲ್ಲಿ ಬೇಯಿಸಿದ ಮಂದವಾದ ಪಲ್ಯ. ನೆರೆಯ ಮರಾಠಿಯಲ್ಲಿಯೂ ಪಲ್ಯಕ್ಕೆ ‘ಭಾಜಿ’ ಎಂದೇ ಹೆಸರು.

ಮಾರ್ಗಶಿರ ಮಾಸದ ಅಮಾವಾಸ್ಯೆಯ ಹೊತ್ತಿಗೆ ಇಲ್ಲಿಯ ಎರೆಯ ಹೊಲಗಳಲ್ಲಿ ತೊಗರಿ, ಅವರೆ, ಕಡಲೆಗಳ ಹಸಿಕಾಳು ದೊರೆಯುತ್ತವೆ. ಇವನ್ನು ಮೊದಲು ಬೇಯಿಸಬೇಕು. ಅನಂತರ ಕುಂಬಳ, ಬದನೆ ಮೊದಲಾದ ಕಾಯಿಗಳು. ಕಡೆಯಲ್ಲಿ ಮೆಂತ್ಯ, ಪಾಲಕ ಮುಂತಾದ ಸೊಪ್ಪುಗಳು. ಬೇಗ ಬೇಯುವುದು ಕಡೆಗೆ ಬೀಳಬೇಕೆಂಬುದೇ ಇದರ ಸೂತ್ರ. ಹಸಿಮೆಣಸಿನಕಾಯಿ-ಬೆಳ್ಳುಳ್ಳಿಯ ಖಾರ, ಹುಣಿಸೆಯ ಹುಳಿ ಕೂಡಿದ ಮೇಲೆ ನೀರಿನಲ್ಲಿ ಕದಡಿದ ಕಡಲೆಹಿಟ್ಟನ್ನು ಹೊಯ್ದು ತಿರುವಿದರೆ ಎಲ್ಲವೂ ಒಂದಾಗಿ ಹೊಂದುವುದು.

ಸಜ್ಜೆಯ ರೊಟ್ಟಿ, ಜೋಳದ ಅಂಬಲಿಗಳು ಇದರ ಸಂಗಾತಿಗಳು. ಧಾನ್ಯಗಳಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಪೋಷಕಾಂಶವನ್ನು ಕಾಳುಗಳು ತುಂಬಿಕೊಡುತ್ತವೆಂದು ಆಹಾರಶಾಸ್ತ್ರವೂ ಒಪ್ಪುತ್ತದೆ. ಪೈರಿನ ಮೇಲೆ ಅಡುಗೆಯನ್ನು ಚೆಲ್ಲಿ ‘ಚರಗ’ವೆಂದು ಭೂತಾಯಿಗೆ ಅರ್ಪಿಸಿದ ತರುವಾಯವೇ ಹೊಲದಲ್ಲಿ ಊಟ, ಬಂಧುಮಿತ್ರರಿಗೂ ಅದರಲ್ಲಿ ಪಾಲು.

ಹೀಗಾಗಿ ಭಜ್ಜಿಯ ಪಾತ್ರೆಯು ಹೊಲದ ಲೆಕ್ಕಪತ್ರವೇ ಸರಿ. ಅಕ್ಕಡಿ ಸಾಲುಗಳಲ್ಲಿ ಹಲವು ಬೆಳೆಗಳುಳ್ಳ ಹೊಲವು ಅದನ್ನು ತಾನೇ ತುಂಬುತ್ತದೆ. ಸೋಯಾ ಒಂದನ್ನೇ ಬಿತ್ತಿದವನು ಹಬ್ಬದ ಕಾಳನ್ನು ಸಂತೆಯಿಂದ ತರಬೇಕಾಗುವುದು. ಹಬ್ಬವು ಉಳಿದು ಹೊಲವು ಬರಿದಾದರೆ ಚರಗಕ್ಕೆ ಅರ್ಥವೆಲ್ಲಿಯದು? ಬದುವಿನ ಮೇಲೆ ಒಂದು ಅವರೆಯ ಬಳ್ಳಿಯನ್ನೂ ಒಂದು ಕುಂಬಳದ ಬಳ್ಳಿಯನ್ನೂ ಉಳಿಸಿಕೊಳ್ಳುವುದು ವಿದ್ಯಾರ್ಥಿಗಳು ತಮ್ಮ ತಮ್ಮ ಮನೆಗಳಲ್ಲಿ ಕೈಕೊಳ್ಳತಕ್ಕ ಕಾರ್ಯ.