ತೋಟದಲ್ಲಿ ಕೆಲಸ ಉಂಟು, ಕಸುಬು ಇಲ್ಲ

ಬಿಳಿ ಕಾಂಡ ಕೊರಕ ಹೊಕ್ಕ ಅರೇಬಿಕಾ ಗಿಡವನ್ನು ದೂರದಿಂದ ಗುರುತಿಸಲಾಗದು. ಎಲೆ ಹಳದಿಯಾಗಿ ಗಿಡ ಬಾಡುವ ಹೊತ್ತಿಗೆ ಕಾಲ ಮೀರಿರುತ್ತದೆ. ತೊಗಟೆಯ ಬಿರುಕಿನಲ್ಲಿ ದುಂಬಿ ಇಟ್ಟ ಮೊಟ್ಟೆ ಒಡೆದು, ಮರಿಹುಳು ಕಾಂಡದೊಳಗೆ ಸುರಂಗ ಕೊರೆಯುತ್ತ ಹೋದಂತೆ ತೊಗಟೆಯ ಮೇಲೆ ಸಣ್ಣಗೆ ಉಬ್ಬು ಏಳುತ್ತದೆ. ಅದನ್ನು ಹುಡುಕುವವರು ಗಿಡ ಗಿಡಕ್ಕೂ ಬಗ್ಗಿ, ಬುಡದಿಂದ ಮೇಲಕ್ಕೆ ಬೆರಳಾಡಿಸಿ ನೋಡಬೇಕು. ದುಂಬಿ ಹಾರುವ ಕಾಲ ವರ್ಷಕ್ಕೆ ಎರಡು: ಏಪ್ರಿಲ್–ಮೇ ಒಂದು, ಅಕ್ಟೋಬರ್‌ನಿಂದ ಡಿಸೆಂಬರ್ ಇನ್ನೊಂದು. ಹಾಗಾಗಿ ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲೇ ತೋಟವನ್ನೆಲ್ಲ ಜಾಲಾಡಿ, ಹುಳು ಹೊಕ್ಕ ಗಿಡವನ್ನು ಬೇರುಸಹಿತ ಕಿತ್ತು ಸುಡಬೇಕು. ಬಿಟ್ಟರೆ ಎಳೆಯ ಗಿಡ ವರ್ಷದೊಳಗೆ ಸಾಯುತ್ತದೆ, ಹೊರಬಂದ ದುಂಬಿ ಸುತ್ತಲಿನ ಗಿಡಗಳನ್ನು ಹಿಡಿಯುತ್ತದೆ. ತೋಟದ ಮುಂದಿನ ಹತ್ತಾರು ಫಸಲು ಆ ಬೆರಳುಗಳನ್ನು ನಂಬಿಕೊಂಡಿದೆ. ಆದರೂ ಬಹಳಷ್ಟು ತೋಟಗಳ ಹಾಜರಿ ಪುಸ್ತಕದಲ್ಲಿ ಆ ದಿನ ಬೀಳುವುದು ಒಂದು ಆಳಿನ ಲೆಕ್ಕ ಅಷ್ಟೇ. ಪಕ್ಕದ ಪಟ್ಟೆಯಲ್ಲಿ ಕಳೆ ತೆಗೆದವರಿಗೂ ಅದೇ ಲೆಕ್ಕ, ಅದೇ ಕೂಲಿ.

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯ ಯುವಜನರ ನಿರುದ್ಯೋಗದ ಮಾತು ಬಂದಾಗಲೆಲ್ಲ ಕೈಗಾರಿಕೆ ಬರಲಿಲ್ಲ, ಕಾಲೇಜು ಸಾಲದು ಎನ್ನುತ್ತೇವೆ. ಅದೇ ಊರಿನ ಬೆಳೆಗಾರರು ಆಳು ಸಿಗುತ್ತಿಲ್ಲ ಎನ್ನುತ್ತಾರೆ. ಕೊಯ್ಲಿಗೆ ಅಸ್ಸಾಂನಿಂದ, ಬಂಗಾಳದಿಂದ, ಜಾರ್ಖಂಡಿನಿಂದ ಜನ ಬಂದು ತೋಟದ ಕೂಲಿಗಾರರ ಲೈನ್ ಮನೆಗಳು ತುಂಬುತ್ತವೆ. ಪಿಯುಸಿ ಮುಗಿಸಿದ ಇಲ್ಲಿಯ ಹುಡುಗ ಬೆಂಗಳೂರಿನಲ್ಲಿ ಮನೆಮನೆಗೆ ಊಟ ತಲುಪಿಸುತ್ತಿರುತ್ತಾನೆ. ಇದನ್ನು ಹುಡುಗರ ಮೈಗಳ್ಳತನ ಎನ್ನುವವರಿದ್ದಾರೆ. ಆ ಮಾತು ತಪ್ಪು, ಅನ್ಯಾಯ ಕೂಡ. ದಿನಕ್ಕೆ ಹತ್ತು ಹನ್ನೆರಡು ಗಂಟೆ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಬೈಕ್ ಓಡಿಸುವವನನ್ನು ಮೈಗಳ್ಳ ಎನ್ನಲಾಗದು. ಅವನು ಬಿಟ್ಟುಹೋಗಿರುವುದು ಶ್ರಮವನ್ನಲ್ಲ, ಇಪ್ಪತ್ತರಲ್ಲಿ ಸೇರಿದವರು ನಲವತ್ತೈದರಲ್ಲೂ ಅದೇ ದಿನಗೂಲಿಯಲ್ಲಿ ಉಳಿಯುವ ಜಾಗವನ್ನು. ಕಲಿಯುವುದಕ್ಕೊಂದು ಕ್ರಮ, ಕಲಿತದ್ದಕ್ಕೊಂದು ದಾಖಲೆ, ದಾಖಲೆಗೆ ತಕ್ಕ ಕೂಲಿ, ಈ ಮೂರೂ ಇಲ್ಲದ ಕಡೆ ಯುವಕರು ನಿಲ್ಲಲಿ ಎಂದು ಬಯಸುವುದು ವ್ಯರ್ಥ. ಕಾಫಿ ಸೀಮೆಗೆ ಬೇಕಾದ ವೃತ್ತಿ ತರಬೇತಿ ಈ ಮೂರನ್ನು ತೋಟದೊಳಗೇ ಕಟ್ಟುವಂಥದ್ದಾಗಬೇಕು ಎಂಬುದು ನನ್ನ ವಾದ.

ಓದು ಹೆಚ್ಚಿದಷ್ಟೂ ನಿರುದ್ಯೋಗ ಹೆಚ್ಚುವ ವಿಚಿತ್ರ ಇಡೀ ದೇಶದ್ದು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2024ರಲ್ಲಿ ಹೊರತಂದ ಭಾರತದ ಉದ್ಯೋಗ ವರದಿಯ ಪ್ರಕಾರ, 2022ರಲ್ಲಿ ಪದವೀಧರ ಯುವಕರಲ್ಲಿ ನಿರುದ್ಯೋಗ ಶೇ 29.1, ಓದುಬರಹ ಬಾರದವರಲ್ಲಿ ಶೇ 3.4. ಇನ್ನೊಂದು ಅಂಕಿ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. 15ರಿಂದ 29 ವರ್ಷದೊಳಗಿನವರಲ್ಲಿ ಕ್ರಮಬದ್ಧ ವೃತ್ತಿ ತರಬೇತಿ ಪಡೆದವರು ಶೇ 4.4 ಮಾತ್ರ, ಮನೆಯಲ್ಲಿ ಅಥವಾ ಕೆಲಸದ ಜಾಗದಲ್ಲಿ ನೋಡಿ ಕಲಿತವರು ಶೇ 16.6 ಎಂದು ಕೇಂದ್ರದ 2023–24ರ ಆರ್ಥಿಕ ಸಮೀಕ್ಷೆ ಹೇಳುತ್ತದೆ. ಕೌಶಲ ಇದ್ದೂ ಕಾಗದದ ಮೇಲೆ ಇಲ್ಲದವರೇ ಹೆಚ್ಚು. ಮಲೆನಾಡಿನ ತೋಟದ ಜನ ಬಹುಪಾಲು ಈ ಎರಡನೆಯ ಗುಂಪಿನವರು.

ಕಲಿಸುವ ಸಂಸ್ಥೆಗಳಿಗೆ ಇಲ್ಲಿ ಬರವಿಲ್ಲ. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಮೈಸೂರು ಸರ್ಕಾರ ತೆರೆದ ಕಾಫಿ ಪ್ರಯೋಗ ಕೇಂದ್ರವೇ ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ಎಸ್.795 ಮತ್ತು ಚಂದ್ರಗಿರಿಯಂಥ ತಳಿಗಳು ಅಲ್ಲಿಂದಲೇ ತೋಟಗಳಿಗೆ ಬಂದವು. ಮೂಡಿಗೆರೆಯಲ್ಲಿ ತೋಟಗಾರಿಕೆ ಕಾಲೇಜಿದೆ, ಕೃಷಿ ವಿಜ್ಞಾನ ಕೇಂದ್ರವಿದೆ. ಕಾಫಿ ಮಂಡಳಿ ಬೆಂಗಳೂರಿನಲ್ಲಿ ಗುಣಮಟ್ಟ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತದೆ. ಆದರೆ ಈ ಜ್ಞಾನ ಬಹುಮಟ್ಟಿಗೆ ತೋಟದ ಮಾಲೀಕರವರೆಗೆ ಬಂದು ನಿಲ್ಲುತ್ತದೆ. ಕತ್ತಿ ಹಿಡಿಯುವವರಿಗೆ ಅದು ತಲುಪುವುದು ತೋಟದ ಮೇಲ್ವಿಚಾರಕರಾದ ರೈಟರ ಅಪ್ಪಣೆಯ ರೂಪದಲ್ಲಿ. ಇತ್ತ ಐಟಿಐಗಳು 1950ರ ಕುಶಲಕರ್ಮಿ ತರಬೇತಿ ಯೋಜನೆಯಿಂದ ಹುಟ್ಟಿದವು, ಕಾರ್ಖಾನೆಗೆ ಬೇಕಾದ ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್‌ಗಳನ್ನು ತಯಾರಿಸಲೆಂದು. ರಾಜ್ಯ ಸರ್ಕಾರ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 150 ಸರ್ಕಾರಿ ಐಟಿಐಗಳಿಗೆ ಹೊಸ ಯಂತ್ರಗಳನ್ನು ತಂದಿದ್ದು ಒಳ್ಳೆಯ ಕೆಲಸ. ಆದರೆ ಆ ಯಂತ್ರಗಳ ಮುಂದೆ ಕಲಿತವನಿಗೆ ಕೆಲಸ ಇರುವುದು ಪೀಣ್ಯದಲ್ಲಿ, ಹೊಸೂರಿನಲ್ಲಿ. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಕೆಟ್ಟು ಕೊಯ್ದದ್ದು ರಾಶಿಬಿದ್ದಾಗ, ಹೂಮಳೆ ಕೈಕೊಟ್ಟ ಮಾರ್ಚಿನಲ್ಲಿ ಸ್ಪ್ರಿಂಕ್ಲರ್ ಪಂಪು ನಿಂತಾಗ ಓಡಿಬರುವ ಮೆಕ್ಯಾನಿಕ್ ಕಳಸದಲ್ಲೇ ಬೇಕಲ್ಲ!

ತೋಟದ ಕೆಲಸವನ್ನು ಯುವಕರು ಮತ್ತೆ ಒಪ್ಪುವಂತೆ ಮಾಡಬಹುದು ಎನ್ನುವುದಕ್ಕೆ ಪುರಾವೆ ನೆರೆಯಲ್ಲೇ ಇದೆ. ತೆಂಗಿನ ಮರ ಹತ್ತುವವರು ಸಿಗದೆ ಕಾಯಿ ಮರದಲ್ಲೇ ಒಣಗುವ ಸ್ಥಿತಿ ಬಂದಾಗ, ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಕೇರಳದಲ್ಲಿ ‘ತೆಂಗಿನ ಮರದ ಗೆಳೆಯರು’ ಎಂಬ ತರಬೇತಿ ಆರಂಭಿಸಿತು. ಆರು ದಿನ ಊಟ ವಸತಿಯೊಂದಿಗೆ ಕಲಿಕೆ, ಹತ್ತಲು ಯಂತ್ರ, ಜೊತೆಗೆ ಅಪಘಾತ ವಿಮೆ. ಯುವಕರ ಜೊತೆ ಹೆಣ್ಣುಮಕ್ಕಳೂ ಬಂದು ಕಲಿತರು, ಯೋಜನೆ ಕರ್ನಾಟಕಕ್ಕೂ ಹಬ್ಬಿತು. ಅಡಿಕೆ ಮರ ಏರುವ ಕೌಶಲಕ್ಕೆ ವಿಟ್ಲದಲ್ಲಿ ಇದೇ ಬಗೆಯ ಶಿಬಿರ ನಡೆದಿದೆ. ಮರ ಅದೇ, ಎತ್ತರ ಅದೇ. ಬದಲಾದದ್ದು ಕೆಲಸದ ಸುರಕ್ಷತೆ, ಅದಕ್ಕೆ ಸಿಕ್ಕ ಮಾನ್ಯತೆ, ಮತ್ತು ಹತ್ತುವವನು ಯಾರೊಬ್ಬರ ಆಳೂ ಅಲ್ಲದೆ ಕರೆದವರ ತೋಟಕ್ಕೆ ಹೋಗಿ ದರ ಹೇಳಿ ಕೆಲಸ ಮಾಡುವ ಸ್ವಾತಂತ್ರ್ಯ. ಕಾಫಿ ಸೀಮೆಯಲ್ಲಿ ಇದಕ್ಕೆ ಹೊಂದುವ ಕೆಲಸಗಳು ಎಷ್ಟೋ ಇವೆ. ಮರಗಸಿಯನ್ನೇ ತೆಗೆದುಕೊಳ್ಳಿ. ನೆರಳಿನ ಮರದ ಕೊಂಬೆ ಹೆಚ್ಚು ಕಡಿದರೆ ಬಿಸಿಲು ಬಿದ್ದ ಗಿಡಕ್ಕೆ ಕಾಂಡ ಕೊರಕ ಬರುತ್ತದೆ, ಕಡಿಮೆ ಕಡಿದರೆ ಮಳೆಗಾಲದಲ್ಲಿ ತೇವ ನಿಂತು ಕೊಳೆ ರೋಗ ಹತ್ತುತ್ತದೆ. ಯಾವ ಕೊಂಬೆ ಉಳಿಯಬೇಕು ಎಂಬ ತೀರ್ಮಾನವನ್ನು ಮರದ ಮೇಲೆ ನಿಂತವನೇ ಮಾಡಬೇಕು. ಸಿಲ್ವರ್ ಓಕ್‌ಗೆ ಹಬ್ಬಿದ ಮೆಣಸು ಕೊಯ್ಯುವವರದ್ದೂ ಇದೇ ಕಥೆ. ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಗೆ ತಗುಲಿ ಪ್ರಾಣ ಹೋದ ಸುದ್ದಿ ಮಲೆನಾಡಿನ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಏಣಿ ಎಲ್ಲಿ ಊರಬೇಕು, ಸೊಂಟಕ್ಕೆ ಬೆಲ್ಟ್ ಹೇಗೆ ಕಟ್ಟಬೇಕು ಎಂದು ಕಲಿಸದೆ ಮನುಷ್ಯನನ್ನು ಮರ ಹತ್ತಿಸುವುದು ತಪ್ಪು.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪ ಏಳುತ್ತದೆ. ಲೈನ್ ಮನೆಯಲ್ಲಿ ಹುಟ್ಟಿದ ಮಗುವನ್ನು ಮತ್ತೆ ತೋಟಕ್ಕೇ ತರಬೇತುಗೊಳಿಸಿದರೆ, ಅಪ್ಪ ಅಮ್ಮ ಇದ್ದಲ್ಲೇ ಮಕ್ಕಳನ್ನೂ ಕೂರಿಸಿದಂತೆ ಆಗುವುದಿಲ್ಲವೇ? ಸೈಟು, ಜಮೀನು ಇಲ್ಲದ, ಬಹಳ ಕಡೆ ದಲಿತರಾದ ಈ ಕುಟುಂಬಗಳು ಮಕ್ಕಳನ್ನು ಓದಿಸುವುದೇ ತೋಟದಿಂದ ಬಿಡಿಸಲಿಕ್ಕೆ. ಈ ಪ್ರಶ್ನೆಯನ್ನು ಹಗುರವಾಗಿ ದಾಟುವಂತಿಲ್ಲ. ಇಂಜಿನಿಯರಿಂಗ್, ನರ್ಸಿಂಗ್, ಐಟಿಐ ಯಾವ ಬಾಗಿಲೂ ಅವರಿಗೆ ಮುಚ್ಚಬಾರದು, ವಿದ್ಯಾರ್ಥಿವೇತನದ ಒಂದು ಪೈಸೆಯೂ ಇದಕ್ಕಾಗಿ ಕಡಿತವಾಗಬಾರದು. ತೋಟದ ತರಬೇತಿಗೆ ಬೆಳೆಗಾರರ ಮಕ್ಕಳೂ ಅದೇ ಬೆಂಚಿನಲ್ಲಿ ಕೂತು ಕಲಿಯಬೇಕು. ಇಷ್ಟಾದ ಮೇಲೂ ಹೋಗದೆ ಉಳಿಯುವವರು, ಹೋಗಿ ವಾಪಸ್ ಬರುವವರು ಸಾವಿರಾರು ಜನ ಇದ್ದೇ ಇರುತ್ತಾರೆ. ಅವರನ್ನು ಬರೀ ಆಳಾಗಿ ಉಳಿಸಿದರೆ ಯಾವ ನ್ಯಾಯ ಸಿಕ್ಕಂತಾಯಿತು? ಅವರ ಅಪ್ಪ ಅಮ್ಮಂದಿರಿಗೆ ಈಗಾಗಲೇ ಗೊತ್ತಿರುವುದಕ್ಕೆ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುವ ಅವಕಾಶ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲೇ ಇದೆ. ಮೊದಲ ಪ್ರಮಾಣಪತ್ರಗಳು ಆ ಹಿರಿಯರಿಗೇ ಸಿಗಬೇಕು, ಕಲಿಸುವವರೂ ಅವರಿಂದಲೇ ಬರಬೇಕು.

ಹೊರರಾಜ್ಯದವರು ಅಗ್ಗಕ್ಕೆ ಸಿಗುವಾಗ ಇದೆಲ್ಲ ಯಾಕೆ ಎನ್ನುವವರಿಗೆ ಉತ್ತರ ಸುಲಭ. ಹಣ್ಣು ಕೊಯ್ಯಲು ಅವರು ಸಾಕು, ಕಾಂಡ ಕೊರಕ ಹುಡುಕಲು ವರ್ಷವಿಡೀ ತೋಟ ಬಲ್ಲವರು ಬೇಕು. ಇಲ್ಲೇ ನೆಲೆ ನಿಲ್ಲುವ ಹೊರಗಿನವರಿಗೂ ತರಬೇತಿ ಕೊಡುವುದರಲ್ಲಿ ತಪ್ಪೇನಿಲ್ಲ. ಸಣ್ಣ ಬೆಳೆಗಾರನ ಅಳಲು ಮಾತ್ರ ನಿಜವಾದದ್ದು. ದೇಶದ ಕಾಫಿ ಹಿಡುವಳಿಗಳಲ್ಲಿ ಶೇ 98ಕ್ಕೂ ಹೆಚ್ಚು ಹತ್ತು ಹೆಕ್ಟೇರಿಗಿಂತ ಚಿಕ್ಕವು. 2024–25ರಲ್ಲಿ ಬೆಲೆ ದಾಖಲೆಗೆ ಏರಿದ್ದು ನಿಜವಾದರೂ, 2000ದ ಆಚೀಚೆ ಅದೇ ಬೆಲೆ ನೆಲಕಚ್ಚಿ ತೋಟಗಳು ಸಾಲದಲ್ಲಿ ಮುಳುಗಿದ್ದನ್ನು ಯಾರೂ ಮರೆತಿಲ್ಲ. ಮೂರು ಎಕರೆಯವನು ವರ್ಷವಿಡೀ ಒಬ್ಬ ನುರಿತ ಕೆಲಸಗಾರನನ್ನು ಇಟ್ಟುಕೊಳ್ಳಲಾರ. ಆದರೆ ಹೋಬಳಿಗೊಂದು ನುರಿತ ತಂಡ ಇದ್ದರೆ ಅವನಿಗೆ ವರ್ಷಕ್ಕೆ ನಾಲ್ಕಾರು ದಿನದ ಖರ್ಚು ಅಷ್ಟೇ. ಅಪ್ರೆಂಟಿಸ್ ಕಾನೂನು ಕಡ್ಡಾಯವಾಗುವುದು 30 ಮತ್ತು ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳಿಗೆ. ಸಣ್ಣ ತೋಟಗಳ ಪರವಾಗಿ ಬೆಳೆಗಾರರ ಸಂಘಗಳೇ ಆ ಹೊಣೆ ಹೊರಬೇಕು. ಕಾಫಿ ಬೆಳೆಯುವ ಕೊಲಂಬಿಯಾದಲ್ಲಿ 1957ರಿಂದ ‘ಸೇನಾ’ ಎಂಬ ರಾಷ್ಟ್ರೀಯ ಸಂಸ್ಥೆ ಯುವಜನರಿಗೆ ಉಚಿತವಾಗಿ ಕಸುಬು ಕಲಿಸುತ್ತಿದೆ. ಅದರ ಮೂಲ ಬಂಡವಾಳ ಉದ್ಯೋಗದಾತರು ಸಂಬಳದ ಲೆಕ್ಕದ ಮೇಲೆ ಕಟ್ಟುತ್ತ ಬಂದ ವಂತಿಗೆ. ಅಲ್ಲಿನ ಕಾಫಿ ಬೆಳೆಗಾರರಿಗೂ ಬೆಲೆಯ ಏರಿಳಿತ ತಪ್ಪಿದ್ದಲ್ಲ.

ಒಬ್ಬನೇ ಧಣಿಯನ್ನು ನಂಬಿದ ತರಬೇತಿಯ ಅಪಾಯವನ್ನೂ ಈ ಜಿಲ್ಲೆ ಕಂಡಿದೆ. ಕೆಫೆ ಸರಣಿ ಕಾಫಿ ಡೇ ತಾನು ಬೆಳೆಯುತ್ತಿದ್ದ ಕಾಲದಲ್ಲಿ ಚಿಕ್ಕಮಗಳೂರಿನಲ್ಲೇ ಹಳ್ಳಿಯ ಹುಡುಗ ಹುಡುಗಿಯರಿಗೆ ತರಬೇತಿ ಕೊಟ್ಟು ಕೆಫೆಗಳಿಗೆ ಸೇರಿಸಿಕೊಂಡಿತು. ಕಲಿಕೆ ಮುಗಿದ ಕೂಡಲೇ ಕೆಲಸ ಎನ್ನುವುದು ಅದರ ದೊಡ್ಡ ಬಲ. 2019ರ ನಂತರ ಕಂಪನಿ ಕುಗ್ಗಿದಾಗ ಆ ದಾರಿಯೂ ಕಿರಿದಾಯಿತು. ಕಳಸದ ಪಕ್ಕದ ಕುದುರೆಮುಖದಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಕಾಡು ಉಳಿಸಲು ಅದು ಬೇಕಿತ್ತು, ಆದರೆ ಅದನ್ನೇ ನಂಬಿದ್ದ ಟೌನ್‌ಶಿಪ್ ಖಾಲಿಯಾಯಿತು. ಹಾಗಾಗಿ ಪ್ರಮಾಣಪತ್ರ ಕೆಲಸಗಾರನ ಕೈಯಲ್ಲಿರಬೇಕು, ಮೂಡಿಗೆರೆಯಲ್ಲಿ ಪಡೆದದ್ದು ಸಕಲೇಶಪುರದಲ್ಲೂ ಮಡಿಕೇರಿಯಲ್ಲೂ ನಡೆಯಬೇಕು. ತೋಟ ಬಿಟ್ಟರೆ ಲೈನ್ ಮನೆಯೂ ಹೋಗುತ್ತದೆ ಎಂಬ ಭಯ ಇರುವಷ್ಟು ದಿನ ಯಾವ ಪ್ರಮಾಣಪತ್ರಕ್ಕೂ ಬೆಲೆ ಬರದು. ನುರಿತವರಿಗೆ ಸ್ವಂತ ಸೈಟು ಕೊಡುವುದನ್ನು ತರಬೇತಿಯ ಭಾಗವೆಂದೇ ಸರ್ಕಾರ ನೋಡಬೇಕು.

ಹೆಣ್ಣುಮಕ್ಕಳ ಮಾತು ಈ ಚರ್ಚೆಯಲ್ಲಿ ಯಾವಾಗಲೂ ಹಿಂದೆ ಬೀಳುತ್ತದೆ. ಕೊಯ್ಲು ಬಹುಪಾಲು ಅವರ ಕೈಯಲ್ಲಿದೆ, ಏಣಿ ಮತ್ತು ಯಂತ್ರ ಬಹುಪಾಲು ಗಂಡಸರ ಕೈಯಲ್ಲಿದೆ, ಹೆಚ್ಚಿನ ಕೂಲಿ ಏಣಿ ಯಂತ್ರಗಳ ಕಡೆಗಿದೆ. ಹಣ್ಣಾದದ್ದನ್ನಷ್ಟೇ ಬಿಡಿಸಿ ಕೊಯ್ಯುವುದು, ಸಿಪ್ಪೆ ಸುಲಿದ ಬೀಜ ಅಂದರೆ ಪಾರ್ಚ್‌ಮೆಂಟ್ ಒಣಗುವ ಹದ ನೋಡುವುದು, ಬೀಜ ವಿಂಗಡಿಸುವುದು, ರುಚಿ ನೋಡಿ ದರ್ಜೆ ಹೇಳುವುದು, ರೊಬಸ್ಟಾ ಕಸಿ ಕಟ್ಟುವುದು, ಮೆಣಸಿನ ನರ್ಸರಿ ನಡೆಸುವುದು ಇವೆಲ್ಲ ಕಲಿತವರಿಗೆ ಹೆಚ್ಚು ಕೊಡಬೇಕಾದ ಕೆಲಸಗಳು. ಒಳ್ಳೆಯ ಕಾಫಿಗೆ ಹೊರದೇಶದವರು ಕೊಡುವ ಹೆಚ್ಚುವರಿ ಬೆಲೆ ಈ ಕೈಗಳಿಂದಲೇ ಹುಟ್ಟುತ್ತದೆ. ಚಿಕ್ಕಮಗಳೂರಿನಲ್ಲೇ ಕಚೇರಿ ಇರುವ ಕರ್ನಾಟಕ ಪ್ಲಾಂಟರ್ಸ್ ಅಸೋಸಿಯೇಷನ್, ಕಾಫಿ ಮಂಡಳಿ ಮತ್ತು ಬಾಳೆಹೊನ್ನೂರಿನ ಸಂಸ್ಥೆ ಮನಸ್ಸು ಮಾಡಿದರೆ, ಬರುವ ಹಂಗಾಮಿಗೆ ಈ ಕೆಲಸಗಳಿಗೆ ಮೂರು ದರ್ಜೆ ಗೊತ್ತುಮಾಡಿ, ದರ್ಜೆಗೆ ತಕ್ಕ ಕೂಲಿಯನ್ನು ಕನ್ನಡದಲ್ಲಿ ಬರೆಸಿ ಪ್ರತಿ ಕಣದ ಗೋಡೆಗೆ ಅಂಟಿಸಬಹುದು.