ಊರಿನ ಸಂಕಕ್ಕೆ ದುಡ್ಡು ಎಲ್ಲಿಂದ ಬರ್ತದೆ?

ಇದು ಹೋದ ಭಾನುವಾರದ ಮಾತಿನ ಬರಹ ರೂಪ. ಮಾತಾಡುವಾಗ ಒಂದೆರಡು ಕಡೆ ಲೆಕ್ಕ ತಪ್ಪಿ ಹೇಳಿದ್ದೆ, ಇಲ್ಲಿ ಸರಿ ಮಾಡಿದ್ದೇನೆ. ಉಳಿದದ್ದು ಹೆಚ್ಚುಕಡಿಮೆ ಮಾತಾಡಿದ ಹಾಗೇ ಇದೆ.

ಕುಂದಾಪುರ, ಬೈಂದೂರು ಕಡೆಯವರಿಗೆ ಕಾಲುಸಂಕ ಅಂದ್ರೆ ಏನು ಅಂತ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳ್ತೇನೆ. ತೋಡಿಗೋ ಸಣ್ಣ ಹೊಳೆಗೋ ಅಡ್ಡಲಾಗಿ ಎರಡು ಮೂರು ಅಡಿಕೆ ಮರ ಹಾಕಿ, ಬಿಗಿಯಾಗಿ ಕಟ್ಟಿ, ಕೈಯಲ್ಲಿ ಹಿಡಿದುಕೊಳ್ಳಲಿಕ್ಕೆ ಪಕ್ಕದಲ್ಲಿ ಒಂದು ಬಿದಿರು ಕಟ್ಟಿದರೆ ಅದೇ ಸಂಕ. ಬೇಸಿಗೆಯಲ್ಲಿ ಅದರ ಅಗತ್ಯವೇ ಇಲ್ಲ, ತೋಡಿಗೆ ಇಳಿದು ನಡೆದರಾಯ್ತು. ಜೂನ್ ಬಂದ ಮೇಲೆ ಆ ಮರಗಳ ಮೇಲೆ ಪಾಚಿ, ಕೆಳಗೆ ಕೆಂಪು ನೀರು. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲೂಕಿನಲ್ಲಿ ಶಾಲೆಯಿಂದ ಮನೆಗೆ ಬರ್ತಿದ್ದ ಎರಡನೇ ತರಗತಿಯ ಹುಡುಗಿ ಇಂಥದೇ ಸಂಕದಿಂದ ಬಿದ್ದು ನೀರುಪಾಲಾದಳು.

ನಮ್ಮ ಊರಲ್ಲೂ ಅಂಥದೊಂದು ಸಂಕ ಇದೆ. ಆ ವಾರ ಊರಿನ ವಾಟ್ಸಾಪ್ ಗುಂಪಿನಲ್ಲಿ ಮುಂಬೈ, ಪುಣೆ, ಬೆಂಗಳೂರಿನಲ್ಲಿರೋ ನಾವೆಲ್ಲ ಒಂದೇ ಮಾತು: ನಾವು ಎಷ್ಟು ಸಲ ಮನವಿ ಕೊಟ್ಟಿದ್ದೇವೆ, ಯಾರು ಕೇಳಿದರು? ಅಮ್ಮ ಫೋನಿನಲ್ಲಿ ಹೇಳಿದ್ದು ಅಷ್ಟೇ: "ಈ ಸಲದ್ದೂ ನೀರಿಗ್ ಹೋಯ್ತ್ ಮಗಾ. ಇನ್ ಮತ್ತೆ ಮರ ಹಾಕ್ಕ್."

ಸಿಟ್ಟು ಇಳಿದ ಮೇಲೆ ಕೂತು ಲೆಕ್ಕ ಹಾಕಿದೆ. ಮೂರು ಮನವಿ ಕೊಟ್ಟಿದ್ದೆವು. ಮೂರಕ್ಕೂ ಶಾಸಕರ ಕಚೇರಿಯ ಮುದ್ರೆ ಇದೆ. ಮೂರರ ಅಂಚಿನಲ್ಲೂ "ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳುವುದು" ಅಂತ ಬರೆದು ಸಹಿ. ನಾವು ಅದರ ಫೋಟೋ ತೆಗೆದು ಗುಂಪಿಗೆ ಹಾಕಿ, ಚಪ್ಪಾಳೆಯ ಚಿತ್ರ ಒತ್ತಿ, ಕೆಲಸ ಆಯ್ತು ಅಂದುಕೊಂಡಿದ್ದೆವು.

ಆಗಿದ್ದು ಏನು? ಆ ಪತ್ರ ಕಾರ್ಯಪಾಲಕ ಎಂಜಿನಿಯರ್ ಹತ್ತಿರ ಹೋಯ್ತು. ಅಲ್ಲಿಂದ ಸಹಾಯಕ ಕಾರ್ಯಪಾಲಕ ಎಂಜಿನಿಯರ್ ಹತ್ತಿರ, ಅಲ್ಲಿಂದ ಕಿರಿಯ ಎಂಜಿನಿಯರ್ ಹತ್ತಿರ. ಅದೇ ದಾರಿಯಲ್ಲಿ ವಾಪಸ್ ಬಂದ ಉತ್ತರ: "ಅನುದಾನ ಲಭ್ಯವಾದಲ್ಲಿ ಕಾಮಗಾರಿ ಕೈಗೊಳ್ಳಲಾಗುವುದು." ನಮ್ಮ ರಾಜ್ಯದಲ್ಲಿ ಅತಿ ಹೆಚ್ಚು ಸಲ ಟೈಪ್ ಆಗಿರೋ ವಾಕ್ಯ ಇದೇ ಇರಬಹುದು ಅಂತ ನನ್ನ ಅನುಮಾನ. ಅದರಲ್ಲಿ ಸುಳ್ಳೇನೂ ಇಲ್ಲ. ಅನುದಾನ ಲಭ್ಯವಾಗಲಿಕ್ಕೆ ಏನು ಬೇಕು ಅನ್ನೋದನ್ನ ಮಾತ್ರ ಅದು ಹೇಳೋದಿಲ್ಲ.

ನಾನು ಸಾಫ್ಟ್‌ವೇರ್ ಕೆಲಸದವನು. ನಮ್ಮಲ್ಲಿ ಯಾರಾದರೂ ನಡುದಾರಿಯಲ್ಲಿ ನಿಲ್ಲಿಸಿ "ಇದೊಂದು ಸರಿ ಮಾಡಿ ಮಾರಾಯ್ರೇ" ಅಂದರೆ ಹೂಂ ಅಂತೇವೆ, ಮರೆತೂ ಬಿಡ್ತೇವೆ. ಟಿಕೆಟ್ ಹಾಕಿದರೆ, ಅದು ಈ ತಿಂಗಳ ಪಟ್ಟಿಗೆ ಸೇರಿದರೆ ಮಾತ್ರ ಕೆಲಸ. ಸರ್ಕಾರದಲ್ಲಿ ಆ ಪಟ್ಟಿಗೆ ಕ್ರಿಯಾ ಯೋಜನೆ ಅಂತ ಹೆಸರು. ಮನವಿ ಅನ್ನೋದು ನಡುದಾರಿಯ ಮಾತು. ಕ್ರಿಯಾ ಯೋಜನೆಯಲ್ಲಿ ಕ್ರಮ ಸಂಖ್ಯೆ ಸಿಕ್ಕಿದ ಮೇಲೇ ಅದು ಕಾಮಗಾರಿ. ನಾವು ಆರು ವರ್ಷ ನಡುದಾರಿಯಲ್ಲೇ ನಿಂತಿದ್ದೆವು.

ಮೊದಲು ಗೊತ್ತಾಗಬೇಕಾದ್ದು, ಆ ದಾರಿ ಯಾರದ್ದು ಅನ್ನೋದು. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ ಆದರೆ ಲೋಕೋಪಯೋಗಿ ಇಲಾಖೆ. ಊರೊಳಗಿನ ದಾರಿ ಪಂಚಾಯಿತಿಗೆ ಸೇರಿದ್ದು, ಅದರ ಎಂಜಿನಿಯರಿಂಗ್ ಕೆಲಸ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ್ದು. ಅರಣ್ಯದೊಳಗೆ ಹಾದು ಹೋದರೆ ಅರಣ್ಯ ಇಲಾಖೆಯೂ ಸೇರ್ತದೆ. ನಾನು ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದ ಮಿತಿ ಇದೆ. ಹಾಗಾಗಿ ನೋವು, ಸಂಕಟ, ಇತಿಹಾಸ ಎಲ್ಲ ಬಿಟ್ಟು ಎರಡೇ ಪ್ರಶ್ನೆ ಕೇಳಿದೆ: ಈ ದಾರಿ ನಿಮ್ಮ ರಸ್ತೆ ಪಟ್ಟಿಯಲ್ಲಿ ಇದೆಯಾ? ಇದ್ದರೆ ಅದರ ಸಂಖ್ಯೆ ಎಷ್ಟು? ಇಲ್ಲ ಅಂತ ಉತ್ತರ ಬಂತು. ಮೂರೂ ಮನವಿ ಹೋಗಿದ್ದು ತಪ್ಪು ಇಲಾಖೆಗೆ. ಯಾರೂ ಅದನ್ನ ನಮಗೆ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಅರಣ್ಯದ ಮಾತು ಬಂದದ್ದಕ್ಕೆ ಒಂದು ವಿಷಯ ಸೇರಿಸ್ತೇನೆ, ಮಲೆನಾಡಿನವರಿಗೆ ಉಪಯೋಗ ಆದೀತು. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮಿನಲ್ಲಿ ಶಾಲೆ, ಅಂಗನವಾಡಿ, ಕುಡಿಯುವ ನೀರಿನ ಪೈಪು, ರಸ್ತೆ ಹೀಗೆ 13 ಬಗೆಯ ಸೌಲಭ್ಯಕ್ಕೆ ಅರಣ್ಯ ಭೂಮಿ ಕೊಡಲಿಕ್ಕೆ ಅವಕಾಶ ಇದೆ. ಪ್ರತಿಯೊಂದಕ್ಕೂ ಒಂದು ಹೆಕ್ಟೇರಿನ ಒಳಗೆ ಇರಬೇಕು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ, ಮತ್ತೆ ಗ್ರಾಮಸಭೆಯ ಶಿಫಾರಸು ಬೇಕು. "ಅರಣ್ಯದವರು ಬಿಡೋದಿಲ್ಲ" ಅಂತ ಕೈಚೆಲ್ಲಿದ ಎಷ್ಟೋ ಕಡೆ ಗ್ರಾಮಸಭೆಯ ಆ ಠರಾವೇ ಆಗಿರೋದಿಲ್ಲ.

ಈಗ ದುಡ್ಡಿನ ವಿಷಯ. "ಎಂಎಲ್ಎ ಫಂಡಲ್ಲಿ ಮಾಡಿಸಿ", "ಎಂಪಿ ಫಂಡ್ ಇದೆಯಲ್ಲ" ಅಂತ ನಾವು ಸುಲಭವಾಗಿ ಹೇಳ್ತೇವೆ. ಅದು ಎಷ್ಟು ದೊಡ್ಡದು ಅಂತ ಒಮ್ಮೆ ನೋಡಿ. ಕರ್ನಾಟಕದಲ್ಲಿ ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ. ಒಂದು ಕ್ಷೇತ್ರದಲ್ಲಿ 30 ಗ್ರಾಮ ಪಂಚಾಯಿತಿ ಇದೆ ಅಂತ ಇಟ್ಟುಕೊಂಡರೆ, ಪಂಚಾಯಿತಿಗೆ ಆರೂಮುಕ್ಕಾಲು ಲಕ್ಷಕ್ಕೂ ಕಡಿಮೆ. ಸಂಸದರ ನಿಧಿ ಶುರುವಾದದ್ದು 1993ರ ಡಿಸೆಂಬರ್‌ನಲ್ಲಿ, 2011-12ರಿಂದ ವರ್ಷಕ್ಕೆ 5 ಕೋಟಿ. ದೊಡ್ಡದು ಅನ್ನಿಸ್ತದೆ ಅಲ್ವಾ? ಆದರೆ ನಮ್ಮಲ್ಲಿ ಒಂದು ಲೋಕಸಭಾ ಕ್ಷೇತ್ರಕ್ಕೆ ಎಂಟು ವಿಧಾನಸಭಾ ಕ್ಷೇತ್ರ. ಭಾಗಿಸಿದರೆ ಕ್ಷೇತ್ರಕ್ಕೆ 62.5 ಲಕ್ಷ, ಪಂಚಾಯಿತಿಗೆ ಎರಡು ಲಕ್ಷ ಚಿಲ್ಲರೆ. ಮುಂಬೈ, ಪುಣೆಯವರಿಗೆ ಹೋಲಿಕೆಗೆ: ಮಹಾರಾಷ್ಟ್ರದಲ್ಲಿ ಶಾಸಕರ ನಿಧಿ 5 ಕೋಟಿ. ಚೆನ್ನೈಯವರಿಗೆ: ತಮಿಳುನಾಡಿನಲ್ಲಿ 3 ಕೋಟಿ.

ಇನ್ನೊಂದು ತಪ್ಪು ತಿಳಿವಳಿಕೆ. ಈ ದುಡ್ಡು ಶಾಸಕರ ಕೈಗೋ ಸಂಸದರ ಕೈಗೋ ಬರೋದಿಲ್ಲ. ಅವರು ಶಿಫಾರಸು ಮಾಡ್ತಾರೆ, ಮಂಜೂರು ಮಾಡೋದು ಜಿಲ್ಲಾಡಳಿತ. ಸಾರ್ವಜನಿಕರಿಗೆ ಉಳಿಯುವಂಥ ಆಸ್ತಿ ಆಗಬೇಕು, ಖಾಸಗಿಯವರಿಗೆ ಕೊಡುವಂತಿಲ್ಲ. ಜಾಗ ಖರೀದಿಗೂ ಈ ದುಡ್ಡು ಬಳಸುವಂತಿಲ್ಲ. ಈ ಕೊನೆಯ ಮಾತನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗ್ತದೆ.

ನಮ್ಮ ಸಂಕದ ಜಾಗಕ್ಕೆ ಕಾಂಕ್ರೀಟಿನ ಕಾಲುಸೇತುವೆ ಅಂತ ಎಂಜಿನಿಯರ್ ಅಂದಾಜು ಪಟ್ಟಿ ಮಾಡಿದಾಗ ಬಂದದ್ದು ಸುಮಾರು 18 ಲಕ್ಷ. ಅಂದರೆ ಹೆಚ್ಚುಕಡಿಮೆ ಮೂರು ಪಂಚಾಯಿತಿಯ ಒಂದು ವರ್ಷದ ಪಾಲು, ಅದೂ ಹದಿನಾಲ್ಕು ಮನೆಗೆ. ಶಾಸಕರು ಯಾಕೆ ಹಿಂದೆಮುಂದೆ ನೋಡಿದರು ಅಂತ ಆಗ ನನಗೆ ಅರ್ಥ ಆಯ್ತು. ಅವರನ್ನ ಸಮರ್ಥಿಸ್ತಾ ಇಲ್ಲ. ನಾನು ಆ ಕುರ್ಚಿಯಲ್ಲಿದ್ದರೂ ಹದಿನಾಲ್ಕು ಮನೆಯ ಸಂಕಕ್ಕಿಂತ ಮೊದಲು ನಾನೂರು ಮನೆಯ ರಸ್ತೆಯನ್ನೇ ನೋಡ್ತಿದ್ದೆನೋ ಏನೋ.

ಪಂಚಾಯಿತಿಯ ಸ್ವಂತ ದುಡ್ಡಿನಲ್ಲಿ ಆಗ್ತದಾ? 15ನೇ ಹಣಕಾಸು ಆಯೋಗದ ಅನುದಾನದಲ್ಲಿ 60 ಪಾಲು ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಟ್ಟದ್ದಾಗಿತ್ತು. ಉಳಿದ 40 ಪಾಲಿನಲ್ಲಿ ಪಂಚಾಯಿತಿಯ ಬೇರೆಲ್ಲ ಕೆಲಸ. ನರೇಗಾದಲ್ಲಿ ನೋಡಿದೆವು, ಅಲ್ಲಿ ಸಾಮಗ್ರಿಗೆ ಹೋಗೋ ಖರ್ಚು 40 ಪಾಲು ಮೀರುವಂತಿರಲಿಲ್ಲ. ಸೇತುವೆಯಲ್ಲಿ ಸಿಮೆಂಟು, ಕಬ್ಬಿಣದ್ದೇ ಖರ್ಚು ಜಾಸ್ತಿ, ಕೂಲಿ ಕಡಿಮೆ. ಕೆಲವು ಪಂಚಾಯಿತಿಯವರು ಸಣ್ಣ ಸಂಕಗಳನ್ನ ನರೇಗಾದಲ್ಲೇ ಮಾಡಿಸಿದ್ದಾರೆ. ನಮ್ಮ ತೋಡು ಅದಕ್ಕೆ ಅಗಲ ಜಾಸ್ತಿ.

ಹಾಗಾದರೆ ರಾಜ್ಯದ ಬಜೆಟ್. ಇಲ್ಲಿ ಒಂದು ಸಣ್ಣ ಗುಟ್ಟು ಇದೆ. ಬಜೆಟ್ಟಿನ ಪ್ರತಿ ರೂಪಾಯಿಗೂ ಒಂದು ಲೆಕ್ಕ ಶೀರ್ಷಿಕೆ ಇರ್ತದೆ. ಮೊದಲ ನಾಲ್ಕು ಅಂಕಿ ನೋಡಿದರೆ ಸಾಕು, ಎಂಥ ದುಡ್ಡು ಅಂತ ಗೊತ್ತಾಗ್ತದೆ. 5054 ಅಂದರೆ ರಸ್ತೆ ಮತ್ತು ಸೇತುವೆ ಹೊಸದಾಗಿ ಕಟ್ಟೋ ಬಂಡವಾಳ ವೆಚ್ಚ. 3054 ಅಂದರೆ ಇದ್ದದ್ದನ್ನ ನೋಡಿಕೊಳ್ಳೋ ಖರ್ಚು. 2, 3ರಿಂದ ಶುರುವಾದರೆ ಆ ವರ್ಷದ ಖರ್ಚು, 4, 5ರಿಂದ ಶುರುವಾದರೆ ಬಂಡವಾಳ. ಯಾರಾದರೂ "ಅನುದಾನ ಬಂದಿದೆ" ಅಂದರೆ "ಯಾವ ಲೆಕ್ಕ ಶೀರ್ಷಿಕೆಯಲ್ಲಿ?" ಅಂತ ಕೇಳಿ. ಉತ್ತರ ಬಂದರೆ ದುಡ್ಡು ಇದೆ. "ನೋಡುವಾ, ಮಾಡುವಾ" ಅಂದರೆ ಇಲ್ಲ. ಲೋಕೋಪಯೋಗಿ ಇಲಾಖೆ "ಶಾಲಾ ಸಂಪರ್ಕ ಸೇತು" ಅನ್ನೋ ಹೆಸರಿನಲ್ಲೇ ಮಲೆನಾಡು, ಕರಾವಳಿಯಲ್ಲಿ ಕಾಲುಸಂಕಗಳನ್ನ ಕಟ್ಟಿಸಿದೆ. 2025ರ ಮಾರ್ಚ್ ಬಜೆಟ್ಟಿನಲ್ಲಿ ಮುಖ್ಯಮಂತ್ರಿಗಳ ಮೂಲಸೌಕರ್ಯ ಅಭಿವೃದ್ಧಿ ಕಾರ್ಯಕ್ರಮ ಅಂತ 8,000 ಕೋಟಿ ಘೋಷಣೆ ಆಯ್ತು. ಇಂಥ ಕಾರ್ಯಕ್ರಮ ಬಂದಾಗ ಇಲಾಖೆಯವರು ಕೇಳೋದು ಕೈಯಲ್ಲಿ ಸಿದ್ಧ ಇರೋ ಪ್ರಸ್ತಾವನೆಗಳನ್ನ. ಅಂದಾಜು ಪಟ್ಟಿ, ನಕ್ಷೆ, ಜಾಗದ ಕಾಗದ ಸಿದ್ಧ ಇದ್ದ ಕೆಲಸ ಒಳಗೆ ಹೋಗ್ತದೆ. ಬರೀ ಮನವಿ ಇದ್ದದ್ದು ಹೊರಗೆ ಉಳೀತದೆ.

ಸೇರಿದ ಮೇಲೂ ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, 1999ರ ಪಾರದರ್ಶಕ ಕಾಯ್ದೆಯ ಪ್ರಕಾರ ಟೆಂಡರ್, ಕಾರ್ಯಾದೇಶ ಎಲ್ಲ ಇದೆ. ಅದನ್ನ ಇಲ್ಲಿ ಬಿಡಿಸಿ ಹೇಳೋದಿಲ್ಲ. ಕರಾವಳಿಯಲ್ಲಿ ಮಾತ್ರ ಒಂದು ತೊಂದರೆ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್ ತನಕ ತೋಡಿನಲ್ಲಿ ಅಡಿಪಾಯ ತೆಗೆಯೋ ಹಾಗಿಲ್ಲ. ಟೆಂಡರ್ ಫೆಬ್ರವರಿಗೆ ಹೋದರೆ ಆ ವರ್ಷ ಮುಗಿದ ಹಾಗೇ.

ಇಲ್ಲಿಂದ ಇದು ನಮ್ಮಂಥ ಹೊರಗಿರೋರ ವಿಷಯ. ನಾವು ಊರಿಗೆ ಹೋಗೋದು ಯಾವಾಗ? ಮೇ ತಿಂಗಳು. ಮಕ್ಕಳಿಗೆ ರಜೆ, ಮದುವೆ, ನೇಮ, ಮಾವಿನ ಹಣ್ಣು. ಆಗಲೇ ನಾಲ್ಕು ಜನ ಸೇರಿ ಬಿಳಿ ಅಂಗಿ ಹಾಕಿ ಮನವಿ ಕೊಡಲಿಕ್ಕೆ ಹೊರಡ್ತೇವೆ. ಹಣಕಾಸು ವರ್ಷ ಶುರುವಾಗಿ ಒಂದು ತಿಂಗಳು ದಾಟಿರ್ತದೆ, ಪಂಚಾಯಿತಿಯ ಪಟ್ಟಿ ಆಗಲೇ ಕಟ್ಟಿ ಆಗಿರ್ತದೆ. ಮುಂದಿನ ವರ್ಷದ ಯೋಜನೆಗೆ ಗ್ರಾಮಸಭೆಗಳು ಶುರುವಾಗೋದು ಅಕ್ಟೋಬರ್ 2ರಿಂದ. ಆಗ ನಾವು ಇಲ್ಲಿ ಆಫೀಸಿನಲ್ಲಿ. ಇದ್ದರೂ ಪ್ರಯೋಜನ ಕಡಿಮೆ, ಗ್ರಾಮಸಭೆಯ ಸದಸ್ಯರು ಅಲ್ಲಿನ ಮತದಾರರು ಮಾತ್ರ. ನನ್ನ ವೋಟು ಪುಣೆಯಲ್ಲಿದೆ. ಹಾಗಾಗಿ ಮಾತಾಡಬೇಕಾದ್ದು ಅಮ್ಮ, ದೊಡ್ಡಮ್ಮ, ಪಕ್ಕದ ಮನೆಯ ಅಣ್ಣ. ನಾವು ಮಾಡಬಹುದಾದ್ದು ಅವರ ಕೈಗೆ ಸರಿಯಾದ ಒಂದು ಪುಟದ ಕಾಗದ ಕೊಡೋದು. ದೊಡ್ಡಮ್ಮ ಸಭೆಯಲ್ಲಿ ಎದ್ದು ಅದನ್ನ ಓದಿದರು, ನಡಾವಳಿ ಪುಸ್ತಕದಲ್ಲಿ ಬರೆಯುವ ತನಕ ಕೂತುಕೊಳ್ಳಲಿಲ್ಲವಂತೆ.

ಅಂದಾಜು ಪಟ್ಟಿ ಆದದ್ದು ಆ ಸಭೆಯ ನಂತರ. ಅಷ್ಟೆಲ್ಲ ಆದ ಮೇಲೆ ಕಡತ ಮತ್ತೆ ನಿಂತಿತು. ನಾನು ಬೆಂಗಳೂರಿನಲ್ಲಿ ನಿಂತಿದೆ ಅಂದುಕೊಂಡೆ. ನಿಂತದ್ದು ಡೊಂಬಿವಲಿಯಲ್ಲಿ.

ತೋಡಿನ ಆ ಕಡೆಯ ದಡ ಖಾಸಗಿ ತೋಟ. ಸೇತುವೆಯ ಕೊನೆ ಇಳಿಯೋ ಜಾಗ, ಹೆಚ್ಚೆಂದರೆ ಎರಡು ಸೆಂಟ್ಸ್. ಪಹಣಿಯಲ್ಲಿ ಐದು ಹೆಸರು: ಒಬ್ಬರು ಊರಲ್ಲಿ, ಇಬ್ಬರು ಡೊಂಬಿವಲಿಯಲ್ಲಿ, ಒಬ್ಬರು ಹೈದರಾಬಾದಿನಲ್ಲಿ ಹೋಟೆಲ್, ಇನ್ನೊಬ್ಬರು ತೀರಿಕೊಂಡು ಹನ್ನೆರಡು ವರ್ಷ, ಖಾತೆ ಬದಲಾಗಿಲ್ಲ. ಜಾಗಕ್ಕೆ ದುಡ್ಡು ಕೊಡುವಂತಿಲ್ಲ ಅಂದೆನಲ್ಲ, ಹಾಗಾಗಿ ಬಿಟ್ಟುಕೊಡಬೇಕು, ಅದೂ ಎಲ್ಲರೂ ಸಹಿ ಹಾಕಿ. ಯಾರೂ ಆಗೋದಿಲ್ಲ ಅಂದವರಲ್ಲ. "ಮೇ ತಿಂಗಳಲ್ಲಿ ಬಂದಾಗ ಹಾಕುವಾ" ಅಂದವರು. ಎರಡು ಮೇ ಕಳೆದವು.

ಕೊನೆಗೆ ನಾನೇ ಒಂದು ಶನಿವಾರ ಡೊಂಬಿವಲಿಗೆ ಹೋದೆ. ಅಣ್ಣ ತಮ್ಮ ಇಬ್ಬರೂ ಮನೆಯಲ್ಲಿದ್ದರು. ಚಾ ಕೊಟ್ಟರು, ಊರಿನ ಸಂಕದ ಫೋಟೋ ತೋರಿಸಿದೆ. ಅಣ್ಣ ಸುಮಾರು ಹೊತ್ತು ನೋಡಿ, "ನಾನ್ ಶಾಲೆಗ್ ಹೋಪತಿಗೂ ಹೀಗೇ ಇತ್ತ್" ಅಂದರು. ಊರಲ್ಲಿರೋ ತಮ್ಮನ ಹೆಸರಿಗೆ ಅಧಿಕಾರಪತ್ರ ಮಾಡಿಕೊಟ್ಟರು. ಹೈದರಾಬಾದಿನವರು ಮುಂದಿನ ತಿಂಗಳು ಕಳಿಸಿದರು. ತೀರಿಕೊಂಡವರ ಮಕ್ಕಳ ಹೆಸರಿಗೆ ಪೌತಿ ಖಾತೆ ಆಗಲಿಕ್ಕೆ ಮತ್ತೆ ಐದು ತಿಂಗಳು.

ನಿಮ್ಮ ಊರಲ್ಲೂ ಒಂದು ರಸ್ತೆ, ಒಂದು ಮೋರಿ, ಒಂದು ಅಂಗನವಾಡಿ ಕೆಲಸ ನಿಂತಿದ್ದರೆ, ಶಾಸಕರಿಗೆ ಫೋನ್ ಮಾಡೋ ಮೊದಲು ಆ ಜಾಗದ ಪಹಣಿ ತೆಗೆಸಿ ನೋಡಿ. ಕರ್ನಾಟಕದ ಪಹಣಿ ಆನ್‌ಲೈನಿನಲ್ಲೇ ಸಿಗ್ತದೆ, ಸರ್ವೆ ನಂಬರು ಗೊತ್ತಿದ್ದರೆ ಸಾಕು. ಅದರಲ್ಲಿ ನಿಮ್ಮ ತಂದೆಯ ಹೆಸರು ಇದ್ದರೂ ಆಶ್ಚರ್ಯ ಪಡಬೇಡಿ.

ನಮ್ಮದು ಈಗ ಕ್ರಿಯಾ ಯೋಜನೆಯಲ್ಲಿದೆ, ಕ್ರಮ ಸಂಖ್ಯೆ 41. ಟೆಂಡರ್ ಆಗಿದೆ, ಗುತ್ತಿಗೆದಾರರು ಮಳೆ ನಿಂತ ಮೇಲೆ ಶುರು ಮಾಡ್ತೇವೆ ಅಂದಿದ್ದಾರೆ. ಈ ಮಳೆಗಾಲಕ್ಕೆ ಮತ್ತೆ ಅಡಿಕೆ ಮರವೇ. ಹೋದ ವಾರ ಅಮ್ಮ ಹೇಳಿದರು, ಈ ಸಲ ಎರಡರ ಬದಲು ನಾಲ್ಕು ಮರ ಹಾಕಿ, ಎರಡೂ ಬದಿಗೆ ಬಿದಿರು ಕಟ್ಟಿಸಿದ್ದಾರಂತೆ.